ಸಾಕು ಮೊಲಕ್ಕೆ ಲಸಿಕೆಯೋ ಆಪರೇಷನ್ನೋ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹೊಸಬರಿಗೆ

ಮೊಲ ಮನೆಗೆ ಬಂದ ಮೊದಲ ವಾರದಲ್ಲೇ ಎರಡು ಪ್ರಶ್ನೆ ಏಳುತ್ತವೆ. ಇದಕ್ಕೆ ಯಾವ ಲಸಿಕೆ ಹಾಕಿಸಬೇಕು? ಮರಿ ಆಗದ ಹಾಗೆ ಆಪರೇಷನ್ ಮಾಡಿಸಬೇಕೋ ಬೇಡವೋ? ಮೊಬೈಲ್‌ನಲ್ಲಿ ಹುಡುಕಿದರೆ ಸಿಗುವ ಉತ್ತರಗಳಲ್ಲಿ ಬಹುಪಾಲು ಬ್ರಿಟನ್ನಿನವರು ತಮ್ಮ ಊರಿನವರಿಗೆ ಬರೆದುಕೊಂಡದ್ದು. ಅದನ್ನು ಓದಿದ ನಮ್ಮ ಶಿರಾ ಗೇಟಿನವರೋ ಬಂಗಾರಪೇಟೆಯವರೋ ಇಲ್ಲಿ ಸಿಗದ ಲಸಿಕೆಗಾಗಿ ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಅಲೆಯುತ್ತಾರೆ. ನಿಜವಾಗಿ ಮಾಡಿಸಬೇಕಾದ್ದು ಮಾತ್ರ ಮುಂದಿನ ತಿಂಗಳಿಗೆ, ಅದರ ಮುಂದಿನ ತಿಂಗಳಿಗೆ ಅಂತ ಜಾರುತ್ತಲೇ ಹೋಗುತ್ತದೆ.

ನನ್ನ ನಿಲುವು ಮೊದಲೇ ಹೇಳುತ್ತೇನೆ. ನಮ್ಮ ಈ ಮೂರು ಜಿಲ್ಲೆಗಳಲ್ಲಿ ಮೊಲ ಸಾಕುವವರಿಗೆ ಲಸಿಕೆ ಎರಡನೆಯ ಮಾತು. ಆಪರೇಷನ್ ಮೊದಲನೆಯದು. ಅದರಲ್ಲೂ ಮಾಡಿಸಬೇಕೋ ಬೇಡವೋ ಅನ್ನುವುದಕ್ಕಿಂತ ಯಾರ ಹತ್ತಿರ ಮಾಡಿಸಬೇಕು ಅನ್ನುವುದರ ಮೇಲೆ ಮೊಲದ ಜೀವ ನಿಂತಿದೆ.

ಲಸಿಕೆ: ಅಲ್ಲಿ ಬೇಕು, ಇಲ್ಲಿ ಏಕೆ ಸಿಗುವುದಿಲ್ಲ

ಯೂರೋಪಿನಲ್ಲಿ ಮೊಲಗಳಿಗೆ ಎರಡು ವೈರಸ್ ರೋಗಗಳ ವಿರುದ್ಧ ಲಸಿಕೆ ಹಾಕುತ್ತಾರೆ. ಒಂದು ಮಿಕ್ಸೊಮಟೋಸಿಸ್. ಕಣ್ಣು, ಮೂತಿ, ಜನನಾಂಗದ ಸುತ್ತ ಊದಿಕೊಂಡು, ಕಣ್ಣು ಕೀವುಗಟ್ಟಿ ಮುಚ್ಚಿಹೋಗಿ, ಮೊಲ ದಿನಗಟ್ಟಲೆ ನರಳಿ ಸಾಯುತ್ತದೆ. ಸೊಳ್ಳೆ, ಚಿಗಟಗಳಿಂದ ಹರಡುತ್ತದೆ. ಹೊಲ ಹಾಳುಮಾಡುತ್ತಿದ್ದ ಮೊಲಗಳನ್ನು ಕೊಲ್ಲಲೆಂದು 1950ರಲ್ಲಿ ಆಸ್ಟ್ರೇಲಿಯಾದಲ್ಲಿ ಬೇಕೆಂದೇ ಬಿಟ್ಟ ರೋಗ ಇದು. 1952ರಲ್ಲಿ ಫ್ರಾನ್ಸಿನಲ್ಲಿ ಒಬ್ಬರು ತಮ್ಮ ಎಸ್ಟೇಟಿನ ಮೊಲಗಳಿಗೆ ಅಂಟಿಸಿದ್ದು ಯೂರೋಪಿಗೆಲ್ಲ ಹಬ್ಬಿತು. ಇನ್ನೊಂದು ಆರ್‌ಎಚ್‌ಡಿ ಎಂದು ಕರೆಯುವ ರಕ್ತಸ್ರಾವದ ರೋಗ. 1984ರಲ್ಲಿ ಚೀನಾದಲ್ಲಿ ಮೊದಲು ಕಾಣಿಸಿಕೊಂಡಿತು. ಇದರ ಎರಡನೆಯ ಬಗೆ 2010ರಲ್ಲಿ ಫ್ರಾನ್ಸಿನಲ್ಲಿ ಪತ್ತೆಯಾಯಿತು. ಸಂಜೆ ಸೊಪ್ಪು ತಿಂದು ಆಡುತ್ತಿದ್ದ ಮೊಲ ಬೆಳಗ್ಗೆ ಸತ್ತು ಬಿದ್ದಿರುವುದು ಈ ರೋಗದ ಲಕ್ಷಣ. ನೊಬಿವ್ಯಾಕ್ ಮಿಕ್ಸೊ-ಆರ್‌ಎಚ್‌ಡಿ ಪ್ಲಸ್ ಎಂಬ ಒಂದೇ ಇಂಜೆಕ್ಷನ್ ಅಲ್ಲಿ ಈ ಎರಡಕ್ಕೂ ರಕ್ಷಣೆ ಕೊಡುತ್ತದೆ. ಐದು ವಾರ ತುಂಬಿದ ಮರಿಯಿಂದ ಹಾಕಬಹುದು, ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು.

ನಮ್ಮ ಕಡೆ ಪೆಟ್ ಕ್ಲಿನಿಕ್‌ಗಳಲ್ಲಿ ಈ ಲಸಿಕೆಗಳು ಬಳಕೆಯಲ್ಲಿಲ್ಲ. ಮಿಕ್ಸೊಮಟೋಸಿಸ್ ನೆಲೆಯೂರಿರುವುದು ಅಮೆರಿಕ ಖಂಡಗಳಲ್ಲಿ, ಯೂರೋಪ್ ಮತ್ತು ಆಸ್ಟ್ರೇಲಿಯಾದಲ್ಲಿ. ಡಾಕ್ಟರು "ಮೊಲಕ್ಕೆ ಅಂಥದ್ದೇನೂ ಇಲ್ಲ ನಮ್ಮಲ್ಲಿ" ಅಂದರೆ ಅವರಿಗೆ ಗೊತ್ತಿಲ್ಲ ಎಂದು ತಿಳಿಯಬೇಡಿ, ಸರಿಯಾಗಿಯೇ ಹೇಳುತ್ತಿದ್ದಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ರಾಜ್ಯದ ಪಶು ಲಸಿಕೆ ತಯಾರಿಸುವ ಸಂಸ್ಥೆಯೇ ಇದೆ, ಆದರೆ ಅದು ದನ, ಕುರಿ, ಕೋಳಿಗಳ ರೋಗಗಳಿಗೆ. ಹೊರದೇಶದಿಂದ ಯಾರದೋ ಬ್ಯಾಗಿನಲ್ಲಿ ತರಿಸುವ ಯೋಚನೆಯನ್ನೂ ಕೈಬಿಡಿ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ವಿಮಾನ, ಕಾರು, ಮನೆಯ ಫ್ರಿಜ್ ಅಂತ ಸುತ್ತಿ ಬಂದದ್ದು ನೀರಿಗೆ ಸಮ.

ಹಾಗೆಂದು ಈ ವಿಷಯ ಶಾಶ್ವತವಾಗಿ ಮರೆಯುವಂಥದ್ದಲ್ಲ. ಆರ್‌ಎಚ್‌ಡಿ 2020ರಲ್ಲಿ ಸಿಂಗಪುರದ ಸಾಕು ಮೊಲಗಳಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ವರ್ಷಕ್ಕೊಮ್ಮೆ ತೂಕ, ಹಲ್ಲು ತೋರಿಸಲು ಹೋದಾಗ "ಮೊಲಕ್ಕೆ ಲಸಿಕೆ ಏನಾದರೂ ಬಂದಿದೆಯಾ ಡಾಕ್ಟ್ರೇ?" ಅಂತ ಒಂದು ಮಾತು ಕೇಳಿ. ಅಷ್ಟು ಸಾಕು.

"ಇಂಜೆಕ್ಷನ್ ಆಗಿದೆ" ಅಂದಾಗ

ಮೊಲ ಮಾರುವವರಲ್ಲಿ ಅನೇಕರು "ಇಂಜೆಕ್ಷನ್ ಎಲ್ಲಾ ಆಗಿದೆ ಸಾರ್" ಅನ್ನುತ್ತಾರೆ. ಕೊಂಡವರು ಅದನ್ನು ಲಸಿಕೆ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ಐವರ್‌ಮೆಕ್ಟಿನ್, ಕಜ್ಜಿ ಹುಳುವಿಗೆ ಚರ್ಮದಡಿ ಕೊಡುವ ಔಷಧ. ಒಳ್ಳೆಯ ಔಷಧವೇ, ನಮ್ಮ ಕಡೆಯ ಮೊಲಗಳಿಗೆ ಬಹಳ ಬೇಕಾಗುವಂಥದ್ದೇ. ಮೂಗಿನ ತುದಿ, ಕಿವಿಯ ಅಂಚು, ಪಾದದ ಮೇಲೆ ಬಿಳಿ ಹೊಪ್ಪಳೆ ಕಟ್ಟಿದ್ದರೆ ಅದು ಕಜ್ಜಿ, ನಿಮ್ಮ ಮುಂಗೈಗೂ ತುರಿಕೆ ತರಬಲ್ಲದು. ಆದರೆ ಈ ಔಷಧ ಇರುವ ಹುಳುವನ್ನು ಕೊಲ್ಲುತ್ತದೆ, ಮುಂದೆ ಬಾರದಂತೆ ವರ್ಷಗಟ್ಟಲೆ ಕಾಯುವುದಿಲ್ಲ. ಮೊಟ್ಟೆಯಿಂದ ಹೊರಬರುವ ಹೊಸ ಹುಳುಗಳಿಗಾಗಿ ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ಮತ್ತೆ ಹಾಕಿಸಬೇಕು. ಅಂಗಡಿಯವರನ್ನು ಔಷಧದ ಹೆಸರು, ಕೊಟ್ಟ ತಾರೀಖು ಕೇಳಿ ಬರೆದಿಟ್ಟುಕೊಳ್ಳಿ. ಹೇಳದಿದ್ದರೆ ಆಗಿಲ್ಲ ಎಂದೇ ಲೆಕ್ಕ.

ಇಲ್ಲೇ ಒಂದು ಎಚ್ಚರಿಕೆ, ದಯವಿಟ್ಟು ಮನೆಯವರಿಗೆಲ್ಲ ಹೇಳಿಡಿ. ನಾಯಿಯ ಉಣ್ಣೆಗೆ ಹೊಡೆಯುವ ಸ್ಪ್ರೇ, ಬೆನ್ನಿಗೆ ಹನಿಸುವ ಅನೇಕ ಔಷಧಗಳಲ್ಲಿ ಫಿಪ್ರೊನಿಲ್ ಎಂಬುದಿರುತ್ತದೆ. ಮೊಲಕ್ಕೆ ಅದು ವಿಷ. ನಾಯಿಗೆ ಉಳಿದದ್ದನ್ನು ಮೊಲಕ್ಕೂ ಒಂದು ಹನಿ ಅಂತ ಹಾಕಿ ಮೊಲ ಕಳೆದುಕೊಂಡವರಿದ್ದಾರೆ.

ರೇಬಿಸ್ ಲಸಿಕೆಯ ಬಗ್ಗೆ ಅಭಿಪ್ರಾಯಗಳು ಬೇರೆಬೇರೆ. ಕೆಲವು ಡಾಕ್ಟರು ಮೊಲಕ್ಕೂ ಹಾಕುತ್ತಾರೆ, ಕೆಲವರು ಅಗತ್ಯವಿಲ್ಲ ಅನ್ನುತ್ತಾರೆ. ಅಮೆರಿಕದಲ್ಲಿ ಮೊಲಕ್ಕೆಂದು ಅನುಮತಿ ಪಡೆದ ರೇಬಿಸ್ ಲಸಿಕೆಯೇ ಇಲ್ಲ. ಮೊಲಕ್ಕೆ ರೇಬಿಸ್ ಬರಬಹುದು, ಆದರೆ ತೀರ ಅಪರೂಪ. ಹುಚ್ಚುನಾಯಿ ಹಿಡಿದ ಮೊಲ ಸಾಮಾನ್ಯವಾಗಿ ಆ ಗಾಯದಿಂದಲೇ ಉಳಿಯುವುದಿಲ್ಲ. ನನ್ನ ಮಟ್ಟಿಗೆ, ಮನೆಯಲ್ಲಿ ನಾಯಿಯಿದ್ದರೆ ನಾಯಿಗೆ ತಪ್ಪದೆ ಹಾಕಿಸಿ, ಮೊಲದ ಗೂಡಿಗೆ ನಾಯಿ ಹಲ್ಲು ತೂರದಂಥ ಬಿಗಿ ಜಾಲರಿ ಹಾಕಿಸಿ. ಅಂಗಳದಲ್ಲಿ ಬಿಟ್ಟು ಸಾಕುವವರು, ಬೀದಿನಾಯಿ ಕಾಟ ಇರುವವರು ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸಿ. ಮೊಲ ಮಕ್ಕಳನ್ನು ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದು ಡಾಕ್ಟರಿಗೆ ತೋರಿಸಿ.

ಇನ್ನೊಂದು ಸಲಹೆ ಹಳ್ಳಿ ಕಡೆ ಕೇಳಿಬರುತ್ತದೆ: ದನಕ್ಕೆ ಹಾಕುವ ಗಳಲೆ ರೋಗದ ಲಸಿಕೆಯನ್ನೇ ಮೊಲಕ್ಕೂ ಸ್ವಲ್ಪ ಹಾಕಿಸಿ ಅಂತ. ಗಳಲೆ ರೋಗ ತರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾವೇ ಮೊಲಕ್ಕೆ ಮೂಗು ಸೋರುವ ಸ್ನಫಲ್ಸ್ ಕೂಡ ತರುತ್ತದೆ ಅನ್ನುವುದು ನಿಜ. ಆದರೆ ಬಗೆ ಬೇರೆ. ದನ, ಎಮ್ಮೆಗಾಗಿ ಮಾಡಿದ್ದು ಮೊಲದ ಮೂಗನ್ನು ಕಾಯುತ್ತದೆಂದು ನಂಬಬೇಡಿ. ಸ್ನಫಲ್ಸ್ ತಡೆಯುವುದು ಗಾಳಿ. ಗಂಜಲದ ಗಾಟು ನಿಮ್ಮ ಮೂಗಿಗೆ ಬಡಿಯುತ್ತಿದ್ದರೆ ನೆಲಕ್ಕೆ ಹತ್ತಿರ ಕೂತ ಮೊಲ ಇಡೀ ದಿನ ಅದನ್ನೇ ಉಸಿರಾಡುತ್ತಿದೆ.

ನಮ್ಮ ಕಡೆ ಎಳೆಯ ಮರಿಗಳನ್ನು ಕೊಲ್ಲುವ ದೊಡ್ಡ ಕಾಯಿಲೆ ಕಾಕ್ಸಿಡಿಯೋಸಿಸ್. ತಾಯಿ ಹಾಲು ಬಿಟ್ಟ ಹೊಸತರಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಹೊಟ್ಟೆ ಉಬ್ಬರಿಸಿ ಭೇದಿಯಾಗಿ ಮರಿ ಸೊರಗುತ್ತದೆ. ಸಾಕು ಮೊಲಕ್ಕೆ ಇದಕ್ಕೂ ಲಸಿಕೆ ಇಲ್ಲ, ಔಷಧ ಇದೆ. ಈ ಕಾಯಿಲೆ ತರುವ, ಹಿಕ್ಕೆಯಲ್ಲಿ ಬರುವ ಸೂಕ್ಷ್ಮಜೀವಿ ತೇವದಲ್ಲಿ ಒಂದೆರಡು ದಿನ ಮಾಗಿದ ಮೇಲೆಯೇ ಇನ್ನೊಂದು ಮೊಲಕ್ಕೆ ಅಂಟುವಂತಾಗುವುದು. ದಿನಾ ಬೆಳಗ್ಗೆ ಹಿಕ್ಕೆ ಗುಡಿಸಿ, ಗೂಡಿನ ತಳ ಒಣಗಿಸಿ, ಸೊಪ್ಪನ್ನು ನೆಲಕ್ಕೆ ಹಾಕದೆ ತೂಗುಹಾಕಿದರೆ ಆ ಸರಪಳಿ ಅಲ್ಲೇ ತುಂಡಾಗುತ್ತದೆ. ಯಾವ ಇಂಜೆಕ್ಷನ್ನಿಗಿಂತ ಈ ಪೊರಕೆ ಕೆಲಸ ಹೆಚ್ಚು ಮರಿಗಳನ್ನು ಉಳಿಸುತ್ತದೆ.

ಆಪರೇಷನ್: ಗಂಡಿಗೆ ಒಂದು ಲೆಕ್ಕ, ಹೆಣ್ಣಿಗೆ ಇನ್ನೊಂದು

ಮೊದಲು ನಿಮ್ಮ ಮೊಲ ಗಂಡೋ ಹೆಣ್ಣೋ ಖಚಿತ ಮಾಡಿಕೊಳ್ಳಿ. ಎಳೆಯ ಮರಿಯಲ್ಲಿ ಹೇಳುವುದು ಕಷ್ಟ, ಮಾರುವವರೂ ಎಡವುತ್ತಾರೆ. ಕ್ಯಾತ್ಸಂದ್ರದ ಒಂದು ಮನೆಯವರು ಮಕ್ಕಳಿಗೆಂದು ಜೋಡಿ ತಂದರು. "ಎರಡೂ ಹೆಣ್ಣೇ ಅಕ್ಕಾ, ಯೋಚ್ನೆ ಮಾಡ್ಬೇಡಿ" ಅಂದಿದ್ದರಂತೆ. ಕೆಲವು ತಿಂಗಳ ಮೇಲೆ ನಾನು ಅವರ ಮನೆಗೆ ಹೋದಾಗ ಪೆಟ್ಟಿಗೆಯ ಮೂಲೆಯಲ್ಲಿ ಬಿಳಿ ತುಪ್ಪಳದ ಗುಡ್ಡೆ, ಅದರ ನಡುಭಾಗ ಮೆಲ್ಲಗೆ ಏರಿ ಇಳಿಯುತ್ತಿತ್ತು. ಆ ಮನೆಯ ಹುಡುಗಿ ಒಂದು ಬೆರಳಿನಿಂದ ತುಪ್ಪಳ ಸರಿಸಿದಳು. ಒಳಗೆ ಕೂದಲಿಲ್ಲದ, ಕಣ್ಣು ಬಿಡದ ಮರಿಗಳು ಒಂದರ ಮೇಲೊಂದು. ಆ ಹೊತ್ತಿಗಾಗಲೇ ತಾಯಿ ಮತ್ತೆ ಗಬ್ಬವಾಗಿರಬಹುದೆಂದು ಅವರಿಗೆ ತಿಳಿದಿರಲಿಲ್ಲ.

ಮೊಲದ ಗಬ್ಬ ಸುಮಾರು 31 ದಿನ. ಹೆಣ್ಣು ಮೊಲಕ್ಕೆ ನಾಯಿ, ದನದಂತೆ ಬೆದೆಯ ದಿನ ಅಂತ ಬೇರೆ ಇಲ್ಲ, ಗಂಡು ಹತ್ತಿದಾಗಲೇ ಅಂಡ ಬಿಡುಗಡೆಯಾಗುತ್ತದೆ. ಮರಿ ಹಾಕಿದ ದಿನವೇ ಮತ್ತೆ ಗಬ್ಬ ಕಟ್ಟಬಲ್ಲದು. ಕೂಡುವುದಕ್ಕೆ ಕೆಲವೇ ಸೆಕೆಂಡು ಸಾಕು. ಬೇರೆ ಬೇರೆ ಗೂಡಿನಲ್ಲಿ ಇಟ್ಟರಾಯಿತು ಅನ್ನುವ ಯೋಜನೆ ಸಾಮಾನ್ಯವಾಗಿ ಮುರಿಯುವುದು ಮಕ್ಕಳು ಬಾಗಿಲು ತೆರೆದ ಆ ಒಂದು ಗಳಿಗೆಯಲ್ಲಿ. ಮೂರು ತಿಂಗಳ ಹತ್ತಿರ ಬಂದ ಮರಿಗಳನ್ನು ಡಾಕ್ಟರಿಗೆ ತೋರಿಸಿ ಲಿಂಗ ಗುರುತಿಸಿಕೊಳ್ಳಿ, ಗಂಡು ಹೆಣ್ಣು ಎರಡೂ ಇದ್ದರೆ ಅಂದೇ ಬೇರೆ ಮಾಡಿ.

ಗಂಡಿನ ಆಪರೇಷನ್ ಚಿಕ್ಕದು. ಬೀಜ ಇಳಿದ ಮೇಲೆ, ಹೆಚ್ಚಾಗಿ ಮೂರೂವರೆಯಿಂದ ಐದು ತಿಂಗಳ ನಡುವೆ ಮಾಡುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ, ಎರಡು ಸಣ್ಣ ಕೊಯ್ತ ಅಷ್ಟೆ. ಮೂತ್ರ ಚಿಮ್ಮಿಸುವುದು, ಕಾಲಿನ ಸುತ್ತ ಗುರ್ ಗುರ್ ಅಂತ ಸುತ್ತುವುದು, ಬೇರೆ ಗಂಡುಗಳ ಜೊತೆ ರಕ್ತ ಬರುವಂತೆ ಕಚ್ಚಾಡುವುದು ಆಮೇಲೆ ಬಹಳ ಕಡಿಮೆಯಾಗುತ್ತದೆ. ಒಂದೇ ಗಂಡು ಮೊಲ, ಜೊತೆಗೆ ಯಾರೂ ಇಲ್ಲ, ಮೂತ್ರದ ಕಾಟವೂ ಇಲ್ಲ ಅಂದರೆ ಆಪರೇಷನ್ ಮಾಡಿಸದೆಯೂ ನೆಮ್ಮದಿಯಾಗಿ ಸಾಕಬಹುದು. ಆದರೆ ಒಂಟಿ ಮೊಲ ಒಂಟಿಯೇ. ಜೊತೆ ಬಯಸುವ ಪ್ರಾಣಿ ಅದು, ನಾಳೆ ಜೋಡಿ ತರುವ ಮನಸ್ಸಿದ್ದರೆ ಇವತ್ತೇ ಮಾಡಿಸಿಡುವುದು ಒಳ್ಳೆಯದು.

ಹೆಣ್ಣಿನದು ದೊಡ್ಡ ಆಪರೇಷನ್. ಹೊಟ್ಟೆ ತೆರೆದು ಅಂಡಾಶಯ, ಗರ್ಭಕೋಶ ಎರಡನ್ನೂ ತೆಗೆಯುತ್ತಾರೆ. ಐದಾರು ತಿಂಗಳು ತುಂಬಿದ ಮೇಲೆ, ಗರ್ಭಕೋಶದ ಸುತ್ತ ಕೊಬ್ಬು ಕಟ್ಟುವ ಮೊದಲು ಮಾಡಿಸುವುದು ಸುಲಭ. ಖರ್ಚೂ ಹೆಚ್ಚು, ಅಪಾಯವೂ ಹೆಚ್ಚು. ಆದರೂ ಹೆಣ್ಣಿಗೇ ಮಾಡಿಸಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಗರ್ಭಕೋಶದ ಕ್ಯಾನ್ಸರ್. ನಾಲ್ಕು ವರ್ಷ ದಾಟಿದ, ಆಪರೇಷನ್ ಆಗದ ಹೆಣ್ಣು ಮೊಲಗಳಲ್ಲಿ ಕೆಲವು ತಳಿಗಳಲ್ಲಿ ನೂರಕ್ಕೆ ಅರವತ್ತರವರೆಗೂ ಇದು ಕಂಡುಬಂದಿದೆ. ಚೆನ್ನಾಗಿ ಸಾಕಿದ ಮೊಲ ಎಂಟು ಹತ್ತು ವರ್ಷ ಬದುಕುತ್ತದೆ, ಅಂದರೆ ಅರ್ಧ ಆಯಸ್ಸು ಈ ಭಯದ ನೆರಳಿನಲ್ಲೇ. ಒಂದೆರಡು ಬಾರಿ ಮರಿ ಹಾಕಿದರೆ ಕ್ಯಾನ್ಸರ್ ಬರುವುದಿಲ್ಲ ಅನ್ನುವ ಮಾತನ್ನು ನೆಚ್ಚಿಕೊಳ್ಳಬೇಡಿ, ಮರಿ ಹಾಕಿದ ಮೊಲಕ್ಕೂ ಬರುತ್ತದೆ. ಸುಳ್ಳು ಗಬ್ಬದ ಕಾಟವೂ ಉಂಟು. ಗಬ್ಬವಿಲ್ಲದಿದ್ದರೂ ತನ್ನ ಎದೆಯ ತುಪ್ಪಳ ಕಿತ್ತು ಗೂಡು ಕಟ್ಟುತ್ತಾ, ಹತ್ತಿರ ಹೋದವರ ಮೇಲೆ ಎಗರುತ್ತಾ ಇರುತ್ತದೆ.

ಗಂಡು ಹೆಣ್ಣು ಜೋಡಿ ಇದ್ದು, ಸದ್ಯಕ್ಕೆ ಒಂದಕ್ಕಷ್ಟೇ ದುಡ್ಡು ಒದಗುವುದಾದರೆ ಗಂಡಿಗೆ ಮೊದಲು ಮಾಡಿಸಿ. ಮರಿಗಳ ಸರಣಿ ಅಲ್ಲಿಗೆ ನಿಲ್ಲುತ್ತದೆ, ಹೆಣ್ಣಿಗಾಗಿ ಕೂಡಿಡಲು ಸಮಯ ಸಿಗುತ್ತದೆ. ಎರಡು ಗಂಡು ಒಟ್ಟಿಗಿದ್ದರೆ ಎರಡಕ್ಕೂ ಮಾಡಿಸಲೇಬೇಕು. ಇಲ್ಲದಿದ್ದರೆ ಅಣ್ಣ ತಮ್ಮ ಮರಿಗಳೇ ಪ್ರಾಯಕ್ಕೆ ಬಂದಾಗ ಒಂದರ ಬೀಜವನ್ನು ಇನ್ನೊಂದು ಕಚ್ಚಿ ಹರಿಯುತ್ತದೆ. ಎರಡು ಹೆಣ್ಣು ಕೆಲವೊಮ್ಮೆ ಹೊಂದಿಕೊಳ್ಳುತ್ತವೆ, ಆದರೆ ಕ್ಯಾನ್ಸರಿನ ಲೆಕ್ಕ ಎರಡಕ್ಕೂ ಇದ್ದೇ ಇದೆ.

ಹೆಚ್ಚಾದ ಮರಿಗಳನ್ನು ತೋಪಿಗೋ ಬೆಟ್ಟದ ಬುಡಕ್ಕೋ ಬಿಟ್ಟು ಬರುವವರಿಗೆ ಒಂದು ಮಾತು. ನಮ್ಮ ಮಧುಗಿರಿ ಕಡೆಯ ಕುರುಚಲಿನಲ್ಲಿ ಓಡಾಡುವ ಕಾಡುಮೊಲ ಬೇರೆ ಜಾತಿಯದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಪಡೆದದ್ದು, ಹಿಡಿದು ಸಾಕುವುದು ಅಪರಾಧ. ಅಂಗಡಿಯ ಬಿಳಿ ಮೊಲಕ್ಕೆ ಆ ಬಯಲಿನಲ್ಲಿ ಬಚ್ಚಿಟ್ಟುಕೊಳ್ಳುವ ಬಣ್ಣವೂ ಇಲ್ಲ, ಬುದ್ಧಿಯೂ ಇಲ್ಲ. ನಾಯಿಗೋ ಹದ್ದಿಗೋ ಸಿಕ್ಕೇ ಸಿಗುತ್ತದೆ.

ಎಲ್ಲಿ ಮಾಡಿಸುವುದು

ಮೊಲಕ್ಕೆ ಅರಿವಳಿಕೆ ಕೊಡುವುದು ನಾಯಿಗೆ ಕೊಟ್ಟಷ್ಟು ಸುಲಭವಲ್ಲ. 2002ರಿಂದ 2004ರ ನಡುವೆ ಬ್ರಿಟನ್ನಿನ ಕ್ಲಿನಿಕ್‌ಗಳಲ್ಲಿ ದೊಡ್ಡ ಅಧ್ಯಯನವೊಂದು ನಡೆಯಿತು. ಅರಿವಳಿಕೆ ಪಡೆದ ನಾಯಿಗಳಲ್ಲಿ ಶೇಕಡಾ 0.17, ಬೆಕ್ಕುಗಳಲ್ಲಿ 0.24 ಸತ್ತರೆ ಮೊಲಗಳಲ್ಲಿ ಆ ಪ್ರಮಾಣ 1.39. ಆರೋಗ್ಯವಾಗಿದ್ದ ಮೊಲಗಳನ್ನಷ್ಟೇ ನೋಡಿದರೂ 0.73. ಇನ್ನೊಂದು ಸಂಗತಿಯೂ ಅದರಲ್ಲಿ ಹೊರಬಿತ್ತು: ಮೊಲಗಳ ಸಾವಿನಲ್ಲಿ ಹೆಚ್ಚಿನವು ಆಪರೇಷನ್ ಟೇಬಲ್ ಮೇಲೆ ಆದದ್ದಲ್ಲ, ಎಚ್ಚರವಾಗುವ ಹೊತ್ತಿನಲ್ಲಿ, ಆಮೇಲಿನ ಗಂಟೆಗಳಲ್ಲಿ ಆದದ್ದು. ಹಾಗಾಗಿ ಕತ್ತರಿ ಹಿಡಿಯುವ ಕೈ ಎಷ್ಟು ಮುಖ್ಯವೋ, ಆಮೇಲೆ ಮೈ ಬೆಚ್ಚಗಿಟ್ಟು ಕಾಯುವವರು ಇದ್ದಾರೋ ಅನ್ನುವುದೂ ಅಷ್ಟೇ ಮುಖ್ಯ.

ಸರ್ಕಾರಿ ಪಶು ಆಸ್ಪತ್ರೆ ಹತ್ತಿರದ್ದು, ಖರ್ಚು ಕಡಿಮೆ. ಕಜ್ಜಿ ಇಂಜೆಕ್ಷನ್, ತೂಕ, ಗಂಡು ಹೆಣ್ಣು ಗುರುತಿಸುವುದು, ಭೇದಿಯ ಔಷಧ ಇವಕ್ಕೆಲ್ಲ ಧೈರ್ಯವಾಗಿ ಹೋಗಿ. ಅಲ್ಲಿನವರ ಕೈ ಪಳಗಿರುವುದು ಹಸು, ಕುರಿ, ಮೇಕೆಯಲ್ಲಿ. ಹೋರಿಗಳಿಗೆ ಇಕ್ಕಳ ಒತ್ತಿ ಬೀಜ ಒಡೆಯುವುದನ್ನು ಕಂಡ ಯಾರಾದರೂ ಮೊಲಕ್ಕೂ ಹಾಗೇ ಮಾಡಿಸಿಬಿಡಿ ಅಂದರೆ ಒಪ್ಪಬೇಡಿ, ಮೊಲಕ್ಕೆ ಅದು ಸಲ್ಲದು.

ಎರಡನೆಯದು ಊರಿನ ಖಾಸಗಿ ಪೆಟ್ ಕ್ಲಿನಿಕ್. ತುಮಕೂರು, ಕೋಲಾರ ಎರಡೂ ಕಡೆ ನಾಯಿ ಬೆಕ್ಕಿಗೆ ಒಳ್ಳೆಯ ಕ್ಲಿನಿಕ್‌ಗಳಿವೆ. ಮೊಲದ ಅನುಭವ ಮಾತ್ರ ಡಾಕ್ಟರಿಂದ ಡಾಕ್ಟರಿಗೆ ಬೇರೆ. ಮೂರನೆಯದು ಬೆಂಗಳೂರು. ನಾಯಿ ಬೆಕ್ಕಲ್ಲದ ಸಣ್ಣ ಪ್ರಾಣಿ, ಪಕ್ಷಿಗಳನ್ನೇ ನೋಡುವ ಡಾಕ್ಟರು ಅಲ್ಲಿದ್ದಾರೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಚಿಕ್ಕಬಳ್ಳಾಪುರದವರಿಗೆ ಇದು ಅನುಕೂಲ, ಬಳ್ಳಾರಿ ರಸ್ತೆಯಲ್ಲಿ ಊರು ಹೊಕ್ಕರೆ ಹೆಬ್ಬಾಳವೇ ಮೊದಲು ಸಿಗುತ್ತದೆ. ತುಮಕೂರು, ಕೋಲಾರದಿಂದ ಬೆಂಗಳೂರು ಎಪ್ಪತ್ತು ಕಿಲೋಮೀಟರ್ ಆಸುಪಾಸು. ದೂರಕ್ಕಿಂತ ಹೆಚ್ಚಾಗಿ ಮೊಲವನ್ನು ದಣಿಸುವುದು ಗೊರಗುಂಟೆಪಾಳ್ಯದ, ಕೆ.ಆರ್. ಪುರದ ಟ್ರಾಫಿಕ್ಕು.

ಹೇಗೆ ಆರಿಸುವುದು? ಗಂಡು ಮೊಲವಾದರೆ, ಮೊಲಗಳಿಗೆ ಮಾಡಿ ಅಭ್ಯಾಸವಿರುವ ಡಾಕ್ಟರು ನಿಮ್ಮ ಊರಲ್ಲೇ ಇದ್ದರೆ ಅಲ್ಲೇ ಮಾಡಿಸಿ. ಪ್ರಯಾಣದ ಗಾಬರಿ ತಪ್ಪುತ್ತದೆ, ರಾತ್ರಿ ಏನಾದರೂ ಆದರೆ ಹತ್ತು ನಿಮಿಷದಲ್ಲಿ ಮುಟ್ಟಬಹುದು. ಹೆಣ್ಣಾದರೆ, ಊರಿನ ಡಾಕ್ಟರು ಹೆಣ್ಣು ಮೊಲಗಳನ್ನೇ ಮಾಡಿದವರಲ್ಲದಿದ್ದರೆ, ಬೆಂಗಳೂರಿಗೆ ಹೋಗಿ. ಒಂದು ರಾತ್ರಿ ಅಲ್ಲೇ ಒಳರೋಗಿಯಾಗಿ ಇಟ್ಟುಕೊಳ್ಳುವ ಕಡೆ ಮಾಡಿಸಿ, ಅಥವಾ ನೆಂಟರ ಮನೆಯಲ್ಲಿ ಉಳಿದುಕೊಳ್ಳಿ. ಆಪರೇಷನ್ ಆದ ಸಂಜೆಯೇ ಹೆದ್ದಾರಿಯಲ್ಲಿ ಕುಲುಕಿಸಿಕೊಂಡು ಬರುವುದು ಬೇಡ. ಅನುಭವಿ ಡಾಕ್ಟರು ಯಾರೂ ಒದಗದಿದ್ದರೆ ಕಾಯಿರಿ. ಹೇಗೋ ಮಾಡಿಸುವುದಕ್ಕಿಂತ ಆರು ತಿಂಗಳು ತಡವಾಗಿ ಮಾಡಿಸುವುದು ಲೇಸು.

ಅನುಭವ ಇದೆಯೋ ಇಲ್ಲವೋ ತಿಳಿಯಲು ಫೋನಿನಲ್ಲಿ ಒಂದೇ ಪ್ರಶ್ನೆ ಸಾಕು: "ಆಪರೇಷನ್‌ಗೆ ಮುಂಚೆ ಎಷ್ಟು ಹೊತ್ತು ಹೊಟ್ಟೆ ಖಾಲಿ ಇಡಬೇಕು ಡಾಕ್ಟ್ರೇ?" ರಾತ್ರಿಯಿಂದಲೇ ಏನೂ ಕೊಡಬೇಡಿ ಅಂದರೆ ಅವರು ನಾಯಿಯ ನಿಯಮ ಹೇಳುತ್ತಿದ್ದಾರೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಆ ಉಪವಾಸಕ್ಕೆ ಅರ್ಥವಿಲ್ಲ. ಬದಲಿಗೆ ಹಸಿದ ಮೊಲದ ಕರುಳು ನಿಂತುಹೋಗುತ್ತದೆ, ಅದೇ ಪ್ರಾಣಾಪಾಯ. "ಬೆಳಗ್ಗೆವರೆಗೂ ಹುಲ್ಲು ತಿನ್ನಲಿ, ಬರುವಾಗ ಅದು ಇಷ್ಟಪಡುವ ಸೊಪ್ಪು ಜೊತೆಗೇ ತನ್ನಿ" ಅನ್ನುವವರು ಮೊಲ ಬಲ್ಲವರು. ಬಾಯಿ ಸ್ವಚ್ಛವಾಗಿರಲಿ ಅಂತ ಒಂದು ಗಂಟೆ ಮುಂಚೆ ಮೇವು ತೆಗೆಯಲು ಹೇಳಿದರೆ ಅದು ಸರಿಯೇ.

ಮುಂದಿನ ಮಾತುಗಳನ್ನು ನೇರ ಭೇಟಿಯಲ್ಲಿ ಕೇಳಿ. ಅರಿವಳಿಕೆ ಬರೀ ಇಂಜೆಕ್ಷನ್ನೋ, ಐಸೊಫ್ಲುರೇನ್ ಗ್ಯಾಸ್ ಮತ್ತು ಆಕ್ಸಿಜನ್ ಇದೆಯೋ. ಇದ್ದರೆ ಎಷ್ಟೋ ಮೇಲು. ನೋವಿಗೆ ಮೆಲಾಕ್ಸಿಕಮ್ ಎಷ್ಟು ದಿನ ಕೊಡುತ್ತಾರೆ. ಗಂಡಿಗೆ ತೊಡೆಸಂದಿಯ ಕಂಡಿ ಮುಚ್ಚಿ ಹೊಲಿಯುತ್ತಾರೋ, ಯಾಕೆಂದರೆ ಮೊಲದಲ್ಲಿ ಆ ದಾರಿ ತೆರೆದೇ ಇದ್ದು ಕರುಳು ಜಾರಬಹುದು. ಹೊಲಿಗೆ ಚರ್ಮದ ಒಳಗೇ ಅಡಗಿರುತ್ತದೋ, ಹೊರಗೆ ದಾರ ಕಂಡರೆ ಮೊಲ ಕಚ್ಚಿ ಬಿಚ್ಚುತ್ತದೆ. ಆಂಟಿಬಯೋಟಿಕ್ ವಿಷಯದಲ್ಲಿ ಮಾತ್ರ ನೀವೇ ಕಣ್ಣಿಟ್ಟಿರಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್ ಇವನ್ನು ಮೊಲಕ್ಕೆ ಬಾಯಿಯ ಮೂಲಕ ಕೊಡಬಾರದು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೇ ಸಾಯಬಹುದು. ಚೀಟಿಯಲ್ಲಿ ಅವು ಕಂಡರೆ ವಿನಯವಾಗಿಯೇ ಮತ್ತೊಮ್ಮೆ ಕೇಳಿ.

ಯಾವಾಗ, ಮತ್ತು ಆಮೇಲೆ

ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಮಳೆ ಬೀಳುವವರೆಗೂ ತುರ್ತಲ್ಲದ ಆಪರೇಷನ್ ಬೇಡ. ಮೂವತ್ತು ಡಿಗ್ರಿ ದಾಟಿದರೆ ಮೊಲಕ್ಕೆ ಹಾಗೇ ಕಷ್ಟ, ಅದರ ಮೇಲೆ ಪ್ರಯಾಣ, ಅರಿವಳಿಕೆ ಎಲ್ಲ ಹೇರಬಾರದು. ಮಳೆಗಾಲದಲ್ಲಿ ಮಾಡಿಸಿದರೆ ನೊಣದ ಎಚ್ಚರಿಕೆ ಬೇಕು. ಗಾಯ, ಒದ್ದೆ ಬಾಲ ಎಲ್ಲಿದ್ದರೂ ಮೊಟ್ಟೆಯಿಟ್ಟು ಒಂದೇ ದಿನದಲ್ಲಿ ಹುಳ ಬೀಳುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಕೋಲಾರದ ಚಳಿ ರಾತ್ರಿಗೆ ಬೆಚ್ಚನೆ ಹಾಸು ಇರಲಿ. ಒಯ್ಯಲು ಕೋಲಾರದವರ ಮನೆಯಲ್ಲಿ ಇದ್ದೇ ಇರುವ ಟೊಮೆಟೊ ಕ್ರೇಟ್ ಸಾಕು. ಎರಡನ್ನು ಬಾಯಿಗೆ ಬಾಯಿ ಸೇರಿಸಿ ಬಿಗಿಯಾಗಿ ಕಟ್ಟಿ, ಕೆಳಗೆ ಕಾಲು ಜಾರದ ದಪ್ಪ ಟವಲ್ ಹಾಕಿದರೆ ಸುತ್ತಲೂ ಗಾಳಿ ಆಡುತ್ತದೆ. ಜೋಡಿ ಮೊಲವಿದ್ದರೆ ಇನ್ನೊಂದರ ಹಾಸಿನ ತುಂಡೊಂದನ್ನು ಒಳಗಿಡಿ, ಪರಿಚಯದ ವಾಸನೆಗೆ ಗಾಬರಿ ಇಳಿಯುತ್ತದೆ.

ಮನೆಗೆ ಬಂದ ಮೇಲೆ ಮರದ ಹೊಟ್ಟು ಬೇಡ, ಗಾಯಕ್ಕೆ ಅಂಟುತ್ತದೆ. ಹಳೆಯ ಹತ್ತಿ ಬಟ್ಟೆ ಹಾಸಿ, ಮಂದ ಬೆಳಕಿನ ಮೂಲೆಯಲ್ಲಿ, ಎತ್ತರ ಹತ್ತಲು ಏನೂ ಇಲ್ಲದ ಕಡೆ ಬಿಡಿ. ಎದುರಿಗೆ ಒಣಹುಲ್ಲು, ನೀರು, ಘಮವಿರುವ ಸೊಪ್ಪು ಇರಲಿ. ಕೊತ್ತಂಬರಿ, ಗರಿಕೆ ಒಳ್ಳೆಯದು. ರೇಷ್ಮೆ ಬೆಳೆಯುವ ಚಿಕ್ಕಬಳ್ಳಾಪುರ, ಕೋಲಾರದ ಹಳ್ಳಿಗಳಲ್ಲಿ ಹಿಪ್ಪುನೇರಳೆ ಸೊಪ್ಪು ಸಿಗುತ್ತದೆ, ಮುಖ ತಿರುಗಿಸಿ ಕೂತ ಮೊಲವೂ ಅದಕ್ಕೆ ಬಾಯಿ ಹಾಕುತ್ತದೆ. ಔಷಧ ಹೊಡೆಯದ ತೋಟದ್ದಾಗಿರಬೇಕು ಅಷ್ಟೆ.

ಮೊದಲ ರಾತ್ರಿ ನೀವು ಕಾಯುವುದು ಹಿಕ್ಕೆಗಾಗಿ. ಮೊದಮೊದಲು ಸಾಸಿವೆ ಗಾತ್ರದ, ಗಟ್ಟಿಯಾದ ಕೆಲವು ಬೀಳುತ್ತವೆ. ಬಿದ್ದರೆ ಕರುಳು ನಡೆಯುತ್ತಿದೆ ಎಂದು ಅರ್ಥ. ಸಂಜೆಯಿಂದ ಬೆಳಗ್ಗೆವರೆಗೆ ಏನನ್ನೂ ತಿನ್ನದೆ, ಹಿಕ್ಕೆಯೂ ಹಾಕದೆ ಇದ್ದರೆ ಇನ್ನು ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಮೈ ಮುದುಡಿ, ಕಣ್ಣು ಅರ್ಧ ಮುಚ್ಚಿ, ಕಟಕಟ ಹಲ್ಲು ಕಡಿಯುತ್ತಿದ್ದರೆ ನೋವು ಹೆಚ್ಚಿದೆ. ಸಿರಿಂಜಿನಲ್ಲಿ ತಿನ್ನಿಸುವ ಪುಡಿ ಮೇವನ್ನು ಆಪರೇಷನ್‌ಗೆ ಮುಂಚೆಯೇ ತರಿಸಿಟ್ಟಿರಿ. ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ, ಅದು ನುಂಗಿದ ಮೇಲೆ ಮುಂದಿನದು. ಗಂಡು ಒಂದೆರಡು ದಿನಕ್ಕೇ ಓಡಾಡುತ್ತದೆ. ಹೆಣ್ಣಿಗೆ ನಾಲ್ಕೈದು ದಿನ ಬೇಕು, ಗಾಯ ಮಾಗಲು ಹತ್ತು ದಿನ. ಗಾಯಕ್ಕೆ ಬಾಯಿ ತಾಗದಂತೆ ಕೊರಳಿಗೆ ಪ್ಲಾಸ್ಟಿಕ್ ಪಟ್ಟಿ ಹಾಕಿದರೆ ಮೊಲ ತನ್ನ ಮೆತ್ತನೆಯ ರಾತ್ರಿ ಹಿಕ್ಕೆಯನ್ನು ತಿನ್ನಲಾರದು, ಅದು ಅದರ ಆಹಾರದ ಭಾಗ. ಗಾಯ ಕಚ್ಚುತ್ತಿದ್ದರಷ್ಟೇ ಹಾಕಿಸಿ.

ಆಪರೇಷನ್ ಆದ ಗಂಡನ್ನು ಅಂದೇ ಹೆಣ್ಣಿನ ಜೊತೆ ಬಿಡಬೇಡಿ. ಉಳಿದ ವೀರ್ಯದಿಂದ ನಾಲ್ಕರಿಂದ ಆರು ವಾರದವರೆಗೂ ಗಬ್ಬವಾಗಬಹುದು. ಅಷ್ಟು ದಿನ ಜಾಲರಿಯ ಆಚೆ ಈಚೆ ಇಟ್ಟು, ಆಮೇಲೆ ಎರಡಕ್ಕೂ ಹೊಸದಾದ ಜಾಗದಲ್ಲಿ, ನೀವು ಎದುರಿಗಿದ್ದು ಬಿಡಿ.

ವಯಸ್ಸಾದ ಹೆಣ್ಣು ಮೊಲ ನಿಮ್ಮ ಪಾಲಿಗೆ ಬಂದಿದ್ದು, ಡಾಕ್ಟರು ಎಕ್ಸ್-ರ‍ೇ, ರಕ್ತ ಪರೀಕ್ಷೆ ನೋಡಿ ಆಪರೇಷನ್ ಬೇಡ ಅಂದಿದ್ದರೆ ಅದರ ಮೂತ್ರದ ಮೇಲೆ ಕಣ್ಣಿಡಿ. ಬೀಟ್‌ರೂಟ್ ಅಥವಾ ಕೆಲವು ಸೊಪ್ಪು ತಿಂದಾಗ ಮೂತ್ರ ಒಂದೇ ಸಮನೆ ಕೆಂಪಾಗುತ್ತದೆ, ಮೇವು ಬದಲಿಸಿದರೆ ಹೋಗುತ್ತದೆ. ತಿಳಿ ಮೂತ್ರದಲ್ಲಿ ರಕ್ತದ ಎಳೆಯೋ ಗಂಟೋ ಕಂಡರೆ ಹಾಗಲ್ಲ. ಮೊಲಕ್ಕೆ ಮುಟ್ಟು ಎಂಬುದಿಲ್ಲ, ಆ ರಕ್ತ ಗರ್ಭಕೋಶದಿಂದಲೋ ಮೂತ್ರಕೋಶದಿಂದಲೋ ಬಂದದ್ದು. ಆ ಹಾಸು ಬಟ್ಟೆಯನ್ನು ಒಗೆಯದೆ ಹಾಗೇ ಕವರಿನಲ್ಲಿ ಹಾಕಿಕೊಂಡು ಅದೇ ದಿನ ಡಾಕ್ಟರ ಹತ್ತಿರ ಹೋಗಿ.